ಕತ್ತರಿ ಮೊದಲು ಬೀಳುವುದು ಯಾರ ಮೇಲೆ?

ದೊಡ್ಡ ಕಾದಂಬರಿಯೊಂದು ಸಿನಿಮಾ ಆಗುತ್ತದೆ ಎಂಬ ಸುದ್ದಿ ಬಂದಾಗಲೆಲ್ಲ ನಮ್ಮಲ್ಲಿ ಎರಡು ಪಂಗಡಗಳು ಹುಟ್ಟಿಕೊಳ್ಳುತ್ತವೆ. ಮೊದಲನೆಯವರು ‘ಮೂಲಕ್ಕೆ ನಿಷ್ಠೆ’ ಎಂಬ ಬಾವುಟ ಹಿಡಿದವರು. ಒಂದು ಮಾತು ಆಚೀಚೆಯಾದರೂ ಸರಸ್ವತಿಗೇ ಅಪಚಾರವಾಯಿತು ಎಂದು ಕೂಗುವವರು. ಎರಡನೆಯವರು ‘ಸಿನಿಮಾ ಬೇರೆಯೇ ಮಾಧ್ಯಮ’ ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿಕೊಂಡವರು. ಏನು ಕೇಳಿದರೂ ಅವರದು ಅದೇ ಉತ್ತರ. ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿಕೊಂಡು ಬಂದ ನನಗೆ ಈ ಎರಡೂ ಪಂಗಡಗಳ ಜಗಳ ಕೇಳಿ ಕೇಳಿ ಸಾಕಾಗಿದೆ. ಏಕೆಂದರೆ ಕೇಳಲೇಬೇಕಾದ ಪ್ರಶ್ನೆಯನ್ನು ಇಬ್ಬರೂ ಕೇಳುವುದಿಲ್ಲ. ಏಳುನೂರು ಪುಟಗಳನ್ನು ಎರಡೂವರೆ ಗಂಟೆಗೆ ಇಳಿಸಬೇಕಾದರೆ ಕತ್ತರಿ ಆಡಿಸಲೇಬೇಕು. ಆಡಿಸಲಿ, ಬೇಡ ಎನ್ನುವವರು ಯಾರು? ಆದರೆ ಆ ಕತ್ತರಿ ಮೊದಲು ಬೀಳುವುದು ಯಾರ ಮೇಲೆ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಬೀಳುವುದು ಅಡಿಗೆಮನೆಯವರ ಮೇಲೆ, ಆಳುಮಕ್ಕಳ ಮೇಲೆ, ಮೂಲೆಯಲ್ಲಿ ಕುಳಿತ ಮುದುಕಿಯರ ಮೇಲೆ, ನಾಯಿ ದನಗಳ ಮೇಲೆ. ಎಲ್ಲ ಕತ್ತರಿಸಿ ಆದಮೇಲೆ ಉಳಿಯುವವರು ದೊಡ್ಡ ಮನೆಯ ಒಬ್ಬ ಹುಡುಗ, ಒಬ್ಬ ಹುಡುಗಿ, ಅವರಿಗೆ ಅಡ್ಡ ಬರುವ ಒಬ್ಬ ಯಜಮಾನ. ಇದಕ್ಕೆ ‘ಕಥೆಯ ತಿರುಳು’ ಎಂದು ಹೆಸರು. ಅದೇ ತಿರುಳು ಎಂದು ಗೊತ್ತುಮಾಡಿದವರು ಯಾರು? ನಮ್ಮ ದೊಡ್ಡ ಕಾದಂಬರಿಗಳಲ್ಲಿ ದರ್ಶನ ಎನ್ನುತ್ತಾರಲ್ಲ, ತತ್ತ್ವ ಎನ್ನುತ್ತಾರಲ್ಲ, ಅದು ಬಹುಪಾಲು ಇರುವುದು ಹೀಗೆ ಕತ್ತರಿಸಿ ಎಸೆದವರಲ್ಲಿಯೇ ಎಂಬುದು ನನ್ನ ವಾದ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನೇ ತೆಗೆದುಕೊಳ್ಳಿ. ೧೯೬೭ರಲ್ಲಿ ಅಚ್ಚಾದ ಪುಸ್ತಕ, ಏಳುನೂರು ಪುಟಗಳ ಆಸುಪಾಸಿನದು. ಹೆಸರಿನಲ್ಲಿ ಇರುವುದು ಒಬ್ಬಳೇ ಮದುಮಗಳು. ಒಳಗೆ ಹೋದರೆ ಎಷ್ಟು ಮಂದಿ! ಮನಸ್ಸೊಪ್ಪದ ಮದುವೆಯಿಂದ ಪಾರಾಗಲು ರಾತ್ರೋರಾತ್ರಿ ಮನೆ ಬಿಟ್ಟು ಕಾಡು ಹತ್ತಿದ ಹೂವಳ್ಳಿಯ ಚಿನ್ನಮ್ಮ ಒಬ್ಬಳು. ಒಡೆಯರ ಕಣ್ಣು ತಪ್ಪಿಸಿ ಗುತ್ತಿಯ ಜೊತೆ ಹೊರಟುಹೋಗುವ ತಿಮ್ಮಿ ಒಬ್ಬಳು. ಐತನ ಹೆಂಡತಿ ಪೀಂಚಲು, ಕೂಲಿಯವಳು, ಗುಡಿಸಲಲ್ಲಿದ್ದರೂ ಗಂಡನ ಜೊತೆ ನಗುನಗುತ್ತ ಬಾಳುವವಳು. ಚಿನ್ನಮ್ಮನಿಗೆ ಆ ಭಯದ ರಾತ್ರಿಯಲ್ಲಿ ದಾರಿ ತೋರಿಸುವವಳು. ಮದುವೆಯ ಸಂಭ್ರಮ ಕಾಣಬೇಕಾದ ವಯಸ್ಸಿನಲ್ಲಿ ದುರಂತಕ್ಕೆ ಬಲಿಯಾಗುವ ಕಾವೇರಿ ಒಬ್ಬಳು. ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಅತ್ತೆಯ ಕೈಯಲ್ಲಿ ಸರಕಿನಂತಾಗಿ, ಆಮೇಲೆ ತನ್ನ ಘನತೆಯನ್ನು ತಾನೇ ಕಟ್ಟಿಕೊಳ್ಳುವ ನಾಗಕ್ಕ ಇನ್ನೊಬ್ಬಳು. ಇವರಲ್ಲಿ ‘ಆ’ ಮದುಮಗಳು ಯಾರು? ಪುಸ್ತಕ ಮುಚ್ಚಿದ ಮೇಲೂ ಗೊತ್ತಾಗುವುದಿಲ್ಲ. ಹಾಗೆ ಗೊತ್ತಾಗದೆ ಇರುವುದರಲ್ಲಿಯೇ ಕಾದಂಬರಿಯ ತತ್ತ್ವ ಇದೆ. ದೊಡ್ಡವರು ಚಿಕ್ಕವರೆಂಬ ಅಳತೆಗೋಲನ್ನು ಕುವೆಂಪು ಹೊಸ್ತಿಲಲ್ಲೇ ಕಿತ್ತೆಸೆದು ಒಳಗೆ ಕರೆಯುತ್ತಾರೆ. ಹೆಗ್ಗಡೆಯವರ ಮನೆಯ ಮಗಳ ರಾತ್ರಿಗೆ ಎಷ್ಟು ಪುಟವೋ ಕೂಲಿಯವಳ ರಾತ್ರಿಗೂ ಅಷ್ಟೇ ಮರ್ಯಾದೆಯ ಪುಟಗಳು. ಗುತ್ತಿಯ ನಾಯಿ ಹುಲಿಯ ತುಂಗೆಯ ನೆರೆಯಲ್ಲಿ ಕೊಚ್ಚಿಹೋಗುವಾಗ ನಮಗೆ ಒಬ್ಬ ಬಂಧು ಹೋದಷ್ಟೇ ಸಂಕಟವಾಗುತ್ತದೆ. ಆ ಸಂಕಟ ಒಂದು ಪುಟದಲ್ಲಿ ಹುಟ್ಟಿದ್ದಲ್ಲ. ಮೊದಲಿಂದಲೂ ಆ ನಾಯಿಯ ಜೊತೆ ನಾವು ನಡೆದಿದ್ದೇವೆ, ಅದಕ್ಕೇ ಹುಟ್ಟಿತು.

ಈಗ ಇದನ್ನು ಎರಡೂವರೆ ಗಂಟೆಗೆ ಇಳಿಸಿ ನೋಡಿ. ಚಿನ್ನಮ್ಮ ಮತ್ತು ಮುಕುಂದಯ್ಯ ಉಳಿಯುತ್ತಾರೆ. ಅವರ ಪ್ರೀತಿಗೆ ಒಂದು ಹಾಡು, ಓಡಿಹೋಗುವ ರಾತ್ರಿಗೆ ಒಂದು ಮಳೆ. ಪೀಂಚಲು ದೀಪ ಹಿಡಿದು ಮುಂದೆ ಹೋಗುವ ಆಳಾಗುತ್ತಾಳೆ. ನಾಗಕ್ಕ ಎರಡು ಸಲ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾಳೆ. ಹುಲಿಯ ಪೋಸ್ಟರಿನಲ್ಲೂ ಇರುವುದಿಲ್ಲ. ಹೀಗೆ ಮಾಡಿದವರು ಮೂಲದ ಒಂದು ಮಾತನ್ನೂ ಬದಲಾಯಿಸದೆ ಇದ್ದಿರಬಹುದು. ನಿಷ್ಠೆಯ ಪಂಗಡದವರು ಚಪ್ಪಾಳೆಯನ್ನೂ ತಟ್ಟಬಹುದು. ಆದರೆ ಯಾವ ಮಾತನ್ನು ಹೇಳಲು ಕುವೆಂಪು ಅಷ್ಟು ಪುಟ ಬರೆದರೋ ಅದಕ್ಕೆ ನೇರ ವಿರುದ್ಧದ ಮಾತನ್ನು ಆ ಸಿನಿಮಾ ಹೇಳಿಬಿಟ್ಟಿರುತ್ತದೆ. ದೊಡ್ಡ ಮನೆಯವರೇ ಮುಖ್ಯ, ಮಿಕ್ಕವರು ಅವರ ಸೇವೆಗೆ ಇದ್ದಾರೆ ಎಂಬ ಮಾತನ್ನು.

ಇದು ಬರಿಯ ಊಹೆಯ ಮಾತು ಎನ್ನುವವರಿಗೆ ಆಗಿಹೋದ ಒಂದು ಪ್ರಯತ್ನವನ್ನು ನೆನಪಿಸುತ್ತೇನೆ. ಕುವೆಂಪು ಅವರ ಇನ್ನೊಂದು ದೊಡ್ಡ ಕಾದಂಬರಿ, ೧೯೩೬ರ ‘ಕಾನೂರು ಹೆಗ್ಗಡಿತಿ’ಯನ್ನು ಗಿರೀಶ ಕಾರ್ನಾಡರು ೧೯೯೯ರಲ್ಲಿ ಚಿತ್ರ ಮಾಡಿದರು. ಚಂದ್ರೇಗೌಡರ ಪಾತ್ರ ಅವರದೇ, ಸುಬ್ಬಮ್ಮನಾಗಿ ತಾರಾ. ಕನ್ನಡದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಆ ಚಿತ್ರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಣ್ಣೊಬ್ಬಳ ಮುಖವನ್ನು ನಡುವೆ ಇಟ್ಟುಕೊಂಡದ್ದೇ ಅದರ ಹೆಚ್ಚುಗಾರಿಕೆ. ತಾರಾ ಅವರ ಸುಬ್ಬಮ್ಮನನ್ನು ನೋಡಿದವರು ಮರೆತಿರಲಾರರು. ಆದರೂ ಪುಸ್ತಕ ಓದಿ ಚಿತ್ರ ನೋಡಿದಾಗ ಒಂದು ಕೊರತೆ ನನ್ನನ್ನು ಕಾಡಿತು. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು.

ಪುಸ್ತಕದ ಸುಬ್ಬಮ್ಮ ನಮಗೆ ಮೊದಲು ಇಷ್ಟವಾಗುವುದಿಲ್ಲ. ಬಡವರ ಮನೆಯಿಂದ ಬಂದು, ಸಿರಿವಂತ ಮುದಿ ಗಂಡನಿಗೆ ಮೂರನೆಯ ಹೆಂಡತಿಯಾಗಿ, ಇದ್ದಕ್ಕಿದ್ದಂತೆ ಕೈಗೆ ಸಿಕ್ಕಿದ ಯಜಮಾನಿಕೆಯ ಅಮಲಿನಲ್ಲಿ ಜಗಳ ಕಾಯುವ ಹುಡುಗಿ ಅವಳು. ಓದುತ್ತ ಓದುತ್ತ ಸಿಟ್ಟು ಬರುತ್ತದೆ. ಆಮೇಲೆ ನೂರಾರು ಪುಟಗಳ ತನಕ ಅವಳನ್ನು ಬಿಟ್ಟು ಗದ್ದೆ, ಕಾಡು, ಬೇಟೆ, ಕಳ್ಳಬಟ್ಟಿ, ದೆವ್ವದ ಹರಕೆ, ಆಳುಗಳ ಸಾಲ ಹೀಗೆ ಎಲ್ಲೆಲ್ಲೋ ಸುತ್ತಿ ಬರುತ್ತೇವೆ. ಮತ್ತೆ ಅವಳ ಬಳಿ ಬರುವ ಹೊತ್ತಿಗೆ ಆ ಮನೆ, ಆ ಊರು, ಆ ಯಜಮಾನಿಕೆ ಎಂಥದೆಂದು ನಮಗೆ ಅರ್ಥವಾಗಿರುತ್ತದೆ. ಅವಳ ಮೇಲಿದ್ದ ಸಿಟ್ಟು ಯಾವ ಪುಟದಲ್ಲಿ ಕರಗಿತು ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಹೀಗೆ ಓದುವವರ ತೀರ್ಪು ನಿಧಾನವಾಗಿ ಮಗುಚಿಕೊಳ್ಳುವುದಕ್ಕೆ ಉದ್ದ ಬೇಕು. ಆ ಉದ್ದವೇ ಅಲ್ಲಿ ತತ್ತ್ವ. ಒಬ್ಬ ಹೆಂಗಸನ್ನು ಕಂಡ ತಕ್ಷಣ ಅಳೆಯಬೇಡ, ಅವಳನ್ನು ಮಾಡಿದ ಲೋಕವನ್ನು ಒಂದು ಸುತ್ತು ತಿರುಗಿ ಬಾ ಎನ್ನುವ ತತ್ತ್ವ. ಚಿತ್ರ ಮಾಡುವವರಿಗೆ ಆ ಸುತ್ತು ತಿರುಗಲು ಸಮಯವಿಲ್ಲ. ಅವರು ಸುಬ್ಬಮ್ಮನ ಮೇಲೆ ಮರುಕವನ್ನು ಅರ್ಧ ಗಂಟೆಯಲ್ಲಿ ಹುಟ್ಟಿಸಬೇಕು. ಮರುಕವೇನೋ ಹುಟ್ಟುತ್ತದೆ. ಆದರೆ ನಾವು ಮೊದಲು ಅವಳ ಬಗ್ಗೆ ಅನ್ಯಾಯವಾಗಿ ಯೋಚಿಸಿದ್ದೆವು ಎಂಬ ನಾಚಿಕೆ ಹುಟ್ಟುವುದಿಲ್ಲ. ಪುಸ್ತಕ ನನಗೆ ಕೊಟ್ಟದ್ದು ಆ ನಾಚಿಕೆಯನ್ನು. ಅದು ಕಾರ್ನಾಡರ ಕೈಚಳಕದ ಕೊರತೆಯಲ್ಲ, ಗಡಿಯಾರದ ಕೊರತೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ‘ತತ್ತ್ವ ಇರುವ ಕಾದಂಬರಿ ಸಿನಿಮಾಕ್ಕೆ ಬಗ್ಗುವುದಿಲ್ಲ, ವಿಚಾರವನ್ನು ತೋರಿಸುವುದು ಹೇಗೆ?’ ಎಂದು ಕೆಲವರು ಗಂಭೀರವಾಗಿ ತಲೆದೂಗುತ್ತಾರೆ. ಇದು ಸುಳ್ಳು ಎಂದು ನಮ್ಮ ಜಿಲ್ಲೆಯೇ ತೋರಿಸಿಕೊಟ್ಟಿದೆ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ಕ್ಕಿಂತ ವಿಚಾರದ ಕಾದಂಬರಿ ಬೇಕೆ? ಅದರ ಮುಕ್ಕಾಲು ಪಾಲು ಪ್ರಾಣೇಶಾಚಾರ್ಯರ ತಲೆಯೊಳಗೇ ನಡೆಯುತ್ತದೆ. ಅದನ್ನು ಪಟ್ಟಾಭಿರಾಮ ರೆಡ್ಡಿಯವರು ಶೃಂಗೇರಿ ಸಮೀಪದ ವೈಕುಂಠಪುರದಲ್ಲಿ ಚಿತ್ರಿಸಿದರು. ಸೆನ್ಸಾರಿನವರು ಮೊದಲು ತಡೆದರು, ಆಮೇಲೆ ೧೯೭೦ರ ಸಾಲಿನ ದೇಶದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ ಬಂತು. ಅಲ್ಲಿ ಧರ್ಮಶಾಸ್ತ್ರದ ಚರ್ಚೆಯ ಭಾರವನ್ನೆಲ್ಲ ಹೊತ್ತದ್ದು ಸುಡುವವರಿಲ್ಲದೆ ಮನೆಯೊಳಗೆ ಬಿದ್ದಿರುವ ಒಂದು ಹೆಣ. ಹೆಣ ಎತ್ತದೆ ಅಗ್ರಹಾರದವರು ಉಣ್ಣುವ ಹಾಗಿಲ್ಲ, ಒಡವೆಯ ಆಸೆಯಿಂದ ಮಾತು ಬದಲಾಗುತ್ತದೆ. ಇದನ್ನು ನೋಡುವುದಕ್ಕೆ ಯಾವ ವೇದಾಂತವೂ ಬೇಡ. ಕಾರಂತರ ‘ಮೂಕಜ್ಜಿಯ ಕನಸುಗಳು’ ಇನ್ನೂ ಕಷ್ಟದ್ದು. ೧೯೬೮ರ ಆ ಕಾದಂಬರಿ ಅಜ್ಜಿ ಮೊಮ್ಮಗನ ಮಾತುಕತೆಯ ಮೇಲೆಯೇ ನಿಂತಿದೆ. ಪಿ. ಶೇಷಾದ್ರಿಯವರು ೨೦೧೯ರಲ್ಲಿ ಅದನ್ನು ಪರದೆಗೆ ತಂದಾಗ ಬಿ. ಜಯಶ್ರೀ ಅವರ ಮುಖ ಮತ್ತು ದನಿ ಆ ಭಾರದ ದೊಡ್ಡ ಪಾಲನ್ನು ಹೊತ್ತವು. ಹತ್ತು ವರ್ಷಕ್ಕೇ ವಿಧವೆಯಾದ ಮುದುಕಿ ದೇವರನ್ನೂ ಸಂಸಾರವನ್ನೂ ಹೆದರದೆ ವಿಚಾರಣೆಗೆ ನಿಲ್ಲಿಸುತ್ತಾಳೆ ಎಂದಮೇಲೆ ಆ ಮುಖಕ್ಕಿಂತ ದೊಡ್ಡ ದೃಶ್ಯ ಯಾವುದು?

ಹಾಗಾದರೆ ವಿಚಾರ ಎಂಬುದು ಅಡ್ಡಿಯಲ್ಲ. ಈ ಎರಡೂ ಪುಸ್ತಕಗಳು ಗಾತ್ರದಲ್ಲಿ ಚಿಕ್ಕವು ಎಂಬುದನ್ನು ಗಮನಿಸಿ. ನಮ್ಮೂರಿನ ತೇಜಸ್ವಿಯವರ ಕತೆಗಳ ಚರಿತ್ರೆಯೂ ಅದೇ. ನಮ್ಮೂರಿನವರು ಎಂದೆ, ಅವರು ಬಾಳಿದ್ದು ಮೂಡಿಗೆರೆಯಲ್ಲಿ, ಅವರ ಹೆಸರಿನ ಪ್ರತಿಷ್ಠಾನ ಇರುವುದು ನಮ್ಮ ಕೊಟ್ಟಿಗೆಹಾರದಲ್ಲಿ, ಆ ಸಲಿಗೆಯಿಂದ ಎಂದೆ. ೧೯೭೩ರ ‘ಅಬಚೂರಿನ ಪೋಸ್ಟಾಫೀಸು’, ಕಾಸರವಳ್ಳಿಯವರ ‘ತಬರನ ಕಥೆ’, ೨೦೧೬ರ ‘ಕಿರಗೂರಿನ ಗಯ್ಯಾಳಿಗಳು’, ೨೦೨೩ರ ‘ಡೇರ್ ಡೆವಿಲ್ ಮುಸ್ತಫಾ’ ಎಲ್ಲವೂ ಸಣ್ಣಕತೆ, ನೀಳ್ಗತೆಗಳಿಂದ ಬೆಳೆದ ಚಿತ್ರಗಳು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನ ಕತೆ ಪುಸ್ತಕದಲ್ಲಿ ಕೆಲವೇ ಪುಟ. ಚಿತ್ರದಲ್ಲಿ ಅದಕ್ಕೆ ಉಸಿರಾಡಲು ಜಾಗ ಸಿಕ್ಕಿತು. ಸಣ್ಣದನ್ನು ಹಿಗ್ಗಿಸಿದಾಗ ಒಳಗಿನವರೆಲ್ಲ ದೊಡ್ಡವರಾಗುತ್ತಾರೆ. ದೊಡ್ಡದನ್ನು ಕುಗ್ಗಿಸಿದಾಗ ಸಣ್ಣವರು ಮಾಯವಾಗುತ್ತಾರೆ. ಲೆಕ್ಕ ಇಷ್ಟೇ.

ಈ ಲೆಕ್ಕ ನಮ್ಮ ಹಿರಿಯರಿಗೆ ಗೊತ್ತಿತ್ತು. ಮಹಾಭಾರತಕ್ಕಿಂತ ಉದ್ದದ ತತ್ತ್ವಗ್ರಂಥ ಇಲ್ಲ. ಹತ್ತನೆಯ ಶತಮಾನದ ರನ್ನ ಅದನ್ನು ಪೂರ್ತಿ ಹಿಡಿಯಲು ಹೋಗಲಿಲ್ಲ. ಭೀಮ ದುರ್ಯೋಧನರ ಒಂದು ಗದಾಯುದ್ಧವನ್ನು ಹಿಡಿದು, ಅಲ್ಲಿ ನಿಂತು ಹಿಂದಕ್ಕೆ ಕತ್ತು ತಿರುಗಿಸಿ ಇಡೀ ಭಾರತವನ್ನು ನೋಡಿದ. ಅದಕ್ಕೆ ಸಿಂಹಾವಲೋಕನ ಎಂದು ಮಕ್ಕಳಿಗೆ ಪಾಠ ಮಾಡುತ್ತೇವೆ. ನಮ್ಮ ಘಟ್ಟದ ಮೇಲೂ ಕೆಳಗೂ ಆಟ ಆಡುವ ಯಕ್ಷಗಾನದವರನ್ನು ನೋಡಿ. ರಾತ್ರಿ ಇಡೀ ಆಟ ಇದ್ದರೂ ಅವರು ಎತ್ತಿಕೊಳ್ಳುವುದು ಒಂದು ಪ್ರಸಂಗವನ್ನು. ‘ಸಂಪೂರ್ಣ ಮಹಾಭಾರತ, ಒಂದೇ ರಾತ್ರಿಯಲ್ಲಿ’ ಎಂದು ಯಾವ ಮೇಳದವರಾದರೂ ಕರಪತ್ರ ಹಂಚಿದರೆ ನಮ್ಮ ಅಜ್ಜಿಯರು ನಕ್ಕುಬಿಡುತ್ತಿದ್ದರು. ಆ ಅಜ್ಜಿಯರಿಗಿದ್ದ ಬುದ್ಧಿ ಸಿನಿಮಾದವರಿಗೆ ಯಾಕಿಲ್ಲ? ಚಿನ್ನಮ್ಮನೂ ಪೀಂಚಲೂ ಕಾಡು ದಾಟುವ ಆ ಒಂದೇ ರಾತ್ರಿಯ ಮೇಲೆ ಪೂರಾ ಸಿನಿಮಾ ಮಾಡಬಹುದಲ್ಲ. ಗೌಡರ ಮಗಳು ಕೂಲಿಯವಳ ಕೈ ಹಿಡಿದು ನಡೆಯುವ ಆ ಎರಡು ಗಂಟೆಯಲ್ಲಿ ಕಾದಂಬರಿಯ ದರ್ಶನವೆಲ್ಲ ಬಂದುಹೋದೀತು, ಯಾರನ್ನೂ ಕತ್ತರಿಸದೆ.

ಸತ್ಯಜಿತ್ ರಾಯ್ ಮಾಡಿದ್ದೂ ಇಂಥದನ್ನೇ. ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯನ್ನು ೧೯೫೫ರಲ್ಲಿ ಚಿತ್ರ ಮಾಡಿದಾಗ ಅವರು ಕಾದಂಬರಿಯ ಕೊನೆಯ ಭಾಗವನ್ನು ಮುಟ್ಟಲಿಲ್ಲ. ಅದನ್ನು ಮರುವರ್ಷದ ‘ಅಪರಾಜಿತೊ’ಗೆ ಇಟ್ಟುಕೊಂಡರು. ೧೯೫೯ರಲ್ಲಿ ಮೂರನೆಯದೂ ಬಂತು. ಒಂದು ಬಾಳಿಗೆ ಮೂರು ಚಿತ್ರ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಕಾದಂಬರಿಯಲ್ಲಿ ಇಂದಿರಾ ಠಾಕ್ರುಣ್ ಎಂಬ ಮುದಿ ಸೋದರತ್ತೆ ಬಹಳ ಬೇಗ ಸಾಯುತ್ತಾಳೆ. ಹಲ್ಲಿಲ್ಲದ, ಬೆನ್ನು ಬಾಗಿದ, ಮನೆಯವರಿಗೆ ಬೇಡವಾದ ಮುದುಕಿ. ಕತ್ತರಿ ಹಿಡಿದವರಿಗೆ ಇದಕ್ಕಿಂತ ಸುಲಭದ ತುತ್ತು ಉಂಟೇ? ರಾಯ್ ಅವಳನ್ನು ತೆಗೆಯಲಿಲ್ಲ. ಪುಸ್ತಕದಲ್ಲಿ ಬದುಕಿದ್ದಕ್ಕಿಂತ ಹೆಚ್ಚು ಕಾಲ ಚಿತ್ರದಲ್ಲಿ ಬದುಕಿಸಿದರು. ಮಕ್ಕಳಿಬ್ಬರೂ ಬಿದಿರ ಮೆಳೆಯ ಬಳಿ ಅವಳನ್ನು ಕಾಣುವ ದೃಶ್ಯವನ್ನು ನೋಡಿದವರಿಗೆ ಸಾವು ಎಂದರೇನು ಎಂದು ಯಾವ ಸ್ವಾಮಿಗಳೂ ಉಪದೇಶ ಮಾಡಬೇಕಾಗಿಲ್ಲ. ಇದು ಮೂಲಕ್ಕೆ ನಿಷ್ಠೆಯೂ ಅಲ್ಲ, ಬೇರೆ ಮಾಧ್ಯಮ ಎಂಬ ನೆಪವೂ ಅಲ್ಲ. ಯಾರನ್ನು ಉಳಿಸಬೇಕೆಂದು ಆತನಿಗೆ ಗೊತ್ತಿತ್ತು.

‘ಉದ್ದ ಮಾಡಿದರೆ ಜನ ನೋಡುವುದಿಲ್ಲ’ ಎಂಬುದು ನಿರ್ಮಾಪಕರ ಹಳೆಯ ರಾಗ. ಇದಕ್ಕೆ ಉತ್ತರವನ್ನು ಮೈಸೂರಿನ ರಂಗಾಯಣ ೨೦೧೦ರಲ್ಲಿ ಕೊಟ್ಟಿತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖ ಅವರ ಸಂಗೀತ. ‘ಮಲೆಗಳಲ್ಲಿ ಮದುಮಗಳು’ ಒಂಬತ್ತು ಗಂಟೆಯ ನಾಟಕವಾಗಿ ರಾತ್ರಿಯಿಂದ ಬೆಳಗಿನ ತನಕ ನಡೆಯಿತು. ಜನ ಚಾಪೆ, ಶಾಲು ತಂದು, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ಹೋಗುತ್ತ ನೋಡಿದರು. ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿಯೂ ಪ್ರದರ್ಶನಗಳಾದವು. ಜನರಿಗೆ ತಾಳ್ಮೆ ಇಲ್ಲ ಎನ್ನುವವರು ಜನರನ್ನು ನಂಬಿ ಒಂದು ಸಲವಾದರೂ ನೋಡಿದ್ದಾರೆಯೆ? ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ಯನ್ನು ರಷ್ಯದ ಬೊಂದರ್ಚುಕ್ ೧೯೬೬-೬೭ರಲ್ಲಿ ನಾಲ್ಕು ಭಾಗಗಳಲ್ಲಿ, ಸುಮಾರು ಏಳು ಗಂಟೆಯ ಚಿತ್ರವಾಗಿ ತಂದರು. ಅಷ್ಟು ದುಡ್ಡು ಕನ್ನಡಕ್ಕೆ ಎಲ್ಲಿಂದ ಎನ್ನಬಹುದು. ಒಪ್ಪಿದೆ. ಆದರೆ ದುಡ್ಡಿಲ್ಲದವರು ಒಂದು ಪ್ರಸಂಗ ಸಾಕು ಎನ್ನುವ ವಿವೇಕವನ್ನಾದರೂ ಇಟ್ಟುಕೊಳ್ಳಬೇಕು.

ಇನ್ನೊಂದು ಆಕ್ಷೇಪಣೆ ಇದೆ. ಅದನ್ನು ಎತ್ತಿದವರು ನಿರ್ಮಾಪಕರಲ್ಲ, ನಮ್ಮ ಮಹಿಳಾ ಮಂಡಲದ ಗೆಳತಿಯೊಬ್ಬರು. ಅದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. “ನಿಮಗೇನ್ರೀ ಟೀಚರ್, ರಜ ಇರ್ತದೆ, ಓದ್ತೀರಿ. ನಮಗೆ ಬೆಳಿಗ್ಗೆ ಎದ್ರೆ ಕಡುಬು, ಆಳಿಗೆ ಕಾಫಿ, ಮಧ್ಯಾಹ್ನದ ಅಡಿಗೆ, ಮತ್ತೆ ರಾತ್ರಿದು. ಏಳುನೂರು ಪುಟ ಯಾವಾಗ ಓದೋದು? ಎರಡು ಗಂಟೇಲಿ ಯಾರಾದ್ರೂ ತೋರಿಸಿದ್ರೆ ನೋಡ್ತೀವಿ. ಅದನ್ನೂ ಬೇಡ ಅಂತೀರಲ್ಲ” ಎಂದರು. ನ್ಯಾಯವಾದ ಮಾತು. ಓದುವುದಕ್ಕೆ ಬಿಡುವು ಎನ್ನುವುದು ಹೆಂಗಸರಿಗೆ ಯಾವತ್ತೂ ಸುಲಭವಾಗಿ ಸಿಕ್ಕಿದ್ದಲ್ಲ. ಆದರೆ ಈ ಮಾತು ನನ್ನ ವಾದವನ್ನು ಮುರಿಯುವುದಿಲ್ಲ. ಬಿಡುವಿಲ್ಲದ ಹೆಂಗಸಿಗೆ ಚಿಕ್ಕ ಅಳತೆ ಸಾಕು ಎಂದವರು ಯಾರು? ದಿನಕ್ಕೆ ಅರ್ಧ ಗಂಟೆಯಂತೆ ಎಷ್ಟೋ ವರ್ಷ ಒಂದೇ ಧಾರಾವಾಹಿಯನ್ನು ನೋಡುವ ತಾಳ್ಮೆ ನಮಗಿದೆಯಲ್ಲ! ಅತ್ತೆ ಸೊಸೆಯರ ವಿಷದ ಬಟ್ಟಲು ನೋಡಲು ಸಿಗುವ ಅರ್ಧ ಗಂಟೆ ನಾಗಕ್ಕನನ್ನು ನೋಡಲು ಸಿಗುವುದಿಲ್ಲವೆ? ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ಧಾರಾವಾಹಿಯಾಗಿ ತಂದಿದ್ದರು. ಕೈಲಾಗದ ಗಂಡನ ಶಾನುಭೋಗಿಕೆಯ ಲೆಕ್ಕವನ್ನು ತಾನೇ ಬರೆದು, ಬಾಯಿಬಡಿಕ ಅತ್ತೆಯನ್ನು ಸಹಿಸಿ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಂಡ ನಂಜಮ್ಮನ ಬಾಳು ಅದು. ಅಂಥ ಬಾಳನ್ನು ಎರಡು ಗಂಟೆಯಲ್ಲಿ ನೋಡಿ ಕಣ್ಣೀರಿಟ್ಟು ಏಳುವುದು ಬೇರೆ, ದಿನವೂ ಅವಳ ಜೊತೆ ಒಲೆ ಹಚ್ಚುವುದು ಬೇರೆ. ಕಷ್ಟ ಎಂಬುದು ದಿನದಿನದ್ದು ಎಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದನ್ನು ತೋರಿಸುವುದಕ್ಕೂ ದಿನಗಳೇ ಬೇಕು.

ಸಣ್ಣ ಜನರನ್ನು ತೆಗೆದ ಜಾಗದಲ್ಲಿ ಏನನ್ನು ತುಂಬುತ್ತಾರೆ ಎನ್ನುವುದನ್ನು ಈ ಊರಿನಲ್ಲಿ ಇರುವವರು ಕಣ್ಣಾರೆ ಕಾಣುತ್ತೇವೆ. ಚಾರ್ಮಾಡಿ ಘಾಟಿಯ ತುದಿಯ ಊರು ನಮ್ಮದು. ಮಳೆಗಾಲ ಬಂತೆಂದರೆ ಕ್ಯಾಮೆರಾ ಹೊತ್ತ ವ್ಯಾನುಗಳು ಘಾಟಿಯ ತಿರುವಿನಲ್ಲಿ ನಿಲ್ಲುತ್ತವೆ. ಮಂಜು, ಜಲಪಾತ, ಹಸಿರು, ಹೆಂಚಿನ ಮನೆ. ಮಲೆನಾಡು ಎಂದರೆ ಇಷ್ಟೇ ಎಂಬ ನಂಬಿಕೆ ಗಟ್ಟಿಯಾಗಿಬಿಟ್ಟಿದೆ. ಮಲೆನಾಡಿನ ಕಾದಂಬರಿ ಸಿನಿಮಾ ಆದರೂ ಪೀಂಚಲುವಿನ ನಿಮಿಷಗಳನ್ನು ಕತ್ತರಿಸಿ ಮಂಜಿಗೆ ಕೊಡುತ್ತಾರೆ. ಆ ಮಂಜಿನಲ್ಲಿ ಗೊರಬು ಹಾಕಿಕೊಂಡು ಸಸಿ ನಡುವವಳ ಕಾಲು ಜಿಗಣೆ ಕಚ್ಚಿ ರಕ್ತವಾಗಿರುತ್ತದೆ, ಅದು ಪರದೆಯ ಮೇಲೆ ಬರುವುದಿಲ್ಲ.

ತೇಜಸ್ವಿಯವರ ‘ಕರ್ವಾಲೊ’ವನ್ನು ಎತ್ತಿಕೊಳ್ಳುವವರಿಗೂ ಇದೇ ಎಚ್ಚರಿಕೆ ಹೇಳುತ್ತೇನೆ. ೧೯೮೦ರ ಆ ಕಾದಂಬರಿ ಉದ್ದದ್ದಲ್ಲ, ಆದರೆ ಅದರ ಯೋಚನೆ ಜೀವವಿಕಾಸದಷ್ಟು ಉದ್ದ. ಅದರಲ್ಲಿ ಎಲ್ಲರೂ ಹುಡುಕಿ ಹೊರಡುವುದು ಹಾರುವ ಓತಿಯನ್ನು. ಈಗಿನ ಗ್ರಾಫಿಕ್ಸಿನಲ್ಲಿ ಓತಿಯನ್ನು ಚಂದವಾಗಿ ಹಾರಿಸಿಬಿಡಬಹುದು. ಆದರೆ ಪುಸ್ತಕದಲ್ಲಿ ಓತಿ ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿ ಹೋಗುತ್ತದೆ, ಅದೇ ಅದರ ಗುಟ್ಟು. ಅದಕ್ಕಿಂತ ದೊಡ್ಡ ಗುಟ್ಟು ಮಂದಣ್ಣ. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದ ಹುಡುಗ, ವಿಜ್ಞಾನಿ ಕರ್ವಾಲೊ ಕಣ್ಣಿಗೆ ಹು‌ಟ್ಟು ವಿಜ್ಞಾನಿ. ಮೂಡಿಗೆರೆಯ ಯಾವುದೇ ಅಂಗಡಿಯ ಕಟ್ಟೆಯ ಮೇಲೆ ಇವತ್ತೂ ನಾಲ್ಕು ಮಂದಿ ಮಂದಣ್ಣಂದಿರು ಕುಳಿತಿರುತ್ತಾರೆ. ಓತಿಗಾಗಿ ಮಂದಣ್ಣನನ್ನು ನಗೆಯ ಪಾತ್ರ ಮಾಡಿಬಿಟ್ಟರೆ ಪರದೆಯ ಮೇಲೆ ಓತಿ ಹಾರೀತು, ಕಾದಂಬರಿ ಬಿದ್ದುಹೋಗುತ್ತದೆ.

ಇಷ್ಟಕ್ಕೆಲ್ಲ ನಾನು ಯಾಕೆ ಇಷ್ಟು ಬಿಸಿಯಾಗುತ್ತೇನೆ ಎಂದರೆ ಅದಕ್ಕೆ ನನ್ನ ತರಗತಿಯೇ ಕಾರಣ. ನಮ್ಮ ಶಾಲೆಗೆ ಬರುವ ಮಕ್ಕಳಲ್ಲಿ ಬಹಳ ಮಂದಿ ಕಾಫಿ ತೋಟದ ಲೈನ್ ಮನೆಗಳಿಂದ ಬರುವವರು. ತಂದೆತಾಯಿ ಹಣ್ಣು ಕುಯ್ಯುವವರು, ಮರಗಸಿಗೆ ಹೋಗುವವರು. ಪಠ್ಯಪುಸ್ತಕದ ಆಚೆಗೆ ಏನನ್ನಾದರೂ ಓದಿಸಬೇಕೆಂದು ಒಂದು ಮಳೆಗಾಲದಲ್ಲಿ ‘ಮಲೆಗಳಲ್ಲಿ ಮದುಮಗಳು’ವಿನಿಂದ ಗುತ್ತಿ ತಿಮ್ಮಿಯರ, ಐತ ಪೀಂಚಲುವಿನ ಭಾಗಗಳನ್ನು ಆಟದ ಪೀರಿಯಡ್ಡಿನಲ್ಲಿ ಗಟ್ಟಿಯಾಗಿ ಓದಿದೆ. ಹೊರಗೆ ಮಳೆ, ಆಡಲು ಹೋಗುವಂತಿರಲಿಲ್ಲ. ಎಂದೂ ಬಾಯಿ ಬಿಡದ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: “ಟೀಚರ್, ಇದು ಸಿನಿಮಾ ಆದ್ರೆ ಅದ್ರಲ್ಲಿ ಪೀಂಚಲು ಇರ್ತಾಳಾ?” ಇರುತ್ತಾಳೆ ಎಂದೆ. “ಎಷ್ಟು ಹೊತ್ತು ಇರ್ತಾಳೆ?” ಎಂದಳು. ಅವಳಿಗೆ ಸಿನಿಮಾ ಗೊತ್ತು. ತನ್ನಮ್ಮನಂಥವರು ಅದರಲ್ಲಿ ತಟ್ಟೆ ಹಿಡಿದು ಬಂದು ಹೋಗುವವರು ಎಂಬುದೂ ಗೊತ್ತು. ಪುಸ್ತಕದಲ್ಲಿ ಮೊದಲ ಸಲ ತನ್ನ ಕಡೆಯವಳು ಇಷ್ಟು ಪುಟ ಮಾತಾಡುವುದನ್ನು ಕೇಳಿ ಅವಳಿಗೆ ಅದನ್ನು ಕಳೆದುಕೊಳ್ಳುವ ಭಯವಾಗಿತ್ತು. ಈ ಹುಡುಗಿಯ ಮುಂದೆ ನಿಂತು ‘ಸಿನಿಮಾ ಬೇರೆ ಮಾಧ್ಯಮ ಕಣಮ್ಮ’ ಎಂದು ಹೇಳುವ ಧೈರ್ಯ ನನಗಿಲ್ಲ. ಯಾರಿಗಿದೆಯೋ ಅವರು ಬಂದು ಹೇಳಲಿ.

ಮರಗಸಿಯ ಮಾತು ಬಂತು. ನಮ್ಮ ತೋಟಗಳಲ್ಲಿ ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸುತ್ತಾರೆ. ಗಿಡಕ್ಕೆ ಬೆಳಕು ಬೀಳಲಿ ಎಂದು. ಕಸುಬು ಬಲ್ಲವನು ಮರ ಹತ್ತುವ ಮೊದಲು ಕೆಳಗೆ ನಿಂತು, ಯಾವ ಕೊಂಬೆ ತೆಗೆದರೆ ಯಾವ ಗಿಡಕ್ಕೆ ಬಿಸಿಲು ಎಂದು ನೋಡುತ್ತಾನೆ. ಕತ್ತಿ ಅವನ ಕೈಯಲ್ಲಿದ್ದರೂ ಕಣ್ಣು ಕೆಳಗಿನ ಗಿಡದ ಮೇಲೆ. ಕಾದಂಬರಿಗೆ ಕತ್ತಿ ಹಾಕುವವರಿಂದ ನಾನು ಕೇಳುವುದು ಅಷ್ಟನ್ನೇ.

ಸಿನಿಮಾದವರನ್ನು ದೂರಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ನೋಡುವ ನಮ್ಮ ಪಾಲಿಗೂ ಕೆಲಸವಿದೆ. ಕಾದಂಬರಿ ಆಧಾರಿತ ಚಿತ್ರ ನೋಡಿ ಬಂದಮೇಲೆ ‘ಫೋಟೋಗ್ರಫಿ ಚೆನ್ನಾಗಿದೆ, ಹಾಡು ಪರವಾಗಿಲ್ಲ’ ಎನ್ನುವುದನ್ನು ಸ್ವಲ್ಪ ನಿಲ್ಲಿಸೋಣ. ಪುಸ್ತಕ ಓದಿದವರು ಒಂದು ಚೀಟಿಯಲ್ಲಿ ಬರೆದುಕೊಳ್ಳೋಣ: ಪುಸ್ತಕದಲ್ಲಿ ಇದ್ದು ಪರದೆಯಲ್ಲಿ ಇಲ್ಲದವರು ಯಾರು ಯಾರು? ಅದರಲ್ಲಿ ಹೆಂಗಸರೆಷ್ಟು, ಕೂಲಿಯವರೆಷ್ಟು, ಮುದುಕರೆಷ್ಟು? ಆ ಚೀಟಿಯನ್ನು ಪತ್ರಿಕೆಗೆ ಕಳಿಸೋಣ, ನಿರ್ದೇಶಕರಿಗೆ ಕಳಿಸೋಣ, ಮಹಿಳಾ ಮಂಡಲದಲ್ಲಿ ಓದೋಣ. ಓದದೆ ಇದ್ದವರು ಈ ಮಳೆಗಾಲದಲ್ಲಿ ದಿನಕ್ಕೆ ಐದು ಪುಟದಂತೆ ಶುರು ಮಾಡಬಹುದು. ಕೂತು ಓದಲು ಆಗದವರಿಗೆ ಮನೆಯ ಹೈಸ್ಕೂಲು ಮಕ್ಕಳು ಗಟ್ಟಿಯಾಗಿ ಓದಿ ಹೇಳಲಿ. ನೀವು ಅಕ್ಕಿ ಆರಿಸುತ್ತ ಕೇಳಿಸಿಕೊಳ್ಳಿ. ಹಾಗೆ ಓದಿದರೆ ಏಳುನೂರು ಪುಟಕ್ಕೆ ಐದು ತಿಂಗಳೂ ಬೇಡ. ನಮ್ಮ ಕಡೆಯ ಮಳೆ ಅದಕ್ಕಿಂತ ಬೇಗ ಬಿಟ್ಟ ವರ್ಷ ನನಗಂತೂ ನೆನಪಿಲ್ಲ.